ಬೇಸಿಗೆಯಲ್ಲಿ ಗ್ಯಾರೇಜ್ ತಂಪಾಗಿರಲಿ, ಹುಳುಹುಪ್ಪಟೆ ಹೊರಗೇ ಇರಲಿ: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಬೇಸಿಗೆಯ ಮಧ್ಯಾಹ್ನ ಗ್ಯಾರೇಜಿನ ಶಟರ್ ಎತ್ತಿದ ಕೂಡಲೇ ಮುಖಕ್ಕೆ ಬಡಿಯುವ ಆ ಬಿಸಿಗಾಳಿ ಗೊತ್ತಲ್ವಾ? ಕಾದ ರಬ್ಬರ್ ವಾಸನೆ, ಹಳೇ ಎಣ್ಣೆ ವಾಸನೆ, ಜೊತೆಗೆ ಮೂಲೆಯಲ್ಲಿ ಸರಕ್ಕನೆ ಸರಿದು ಮಾಯವಾಗುವ ಒಂದು ಜಿರಲೆ. ತುಂಬಾ ದಿನ ನಾನು ಇವೆರಡನ್ನೂ ಬೇರೆ ಬೇರೆ ಕಾಟ ಅಂದುಕೊಂಡಿದ್ದೆ. ಸೆಕೆಗೆ ಫ್ಯಾನ್, ಜಿರಲೆಗೆ ಸ್ಪ್ರೇ. ಎರಡರಿಂದಲೂ ಪ್ರಯೋಜನ ಆಗಲಿಲ್ಲ. ಸೆಕೆ ತಡೆಯಲಾರದೆ ರಾತ್ರಿ ಶಟರನ್ನು ಒಂದು ಗೇಣು ಎತ್ತಿ ಬಿಡುತ್ತಿದ್ದೆ. ಹುಳಗಳು ಅದೇ ಸಂದಿನಿಂದ ಒಳಗೆ ಬರುತ್ತಿದ್ದವು. ಹುಳ ಜಾಸ್ತಿ ಆಯ್ತು ಅಂತ ಎಲ್ಲಾ ಮುಚ್ಚಿದರೆ ಒಳಗೆ ಒಲೆ ಉರಿದ ಹಾಗೆ.

ಹಾಗಾಗಿ ಎರಡನ್ನೂ ಒಟ್ಟಿಗೇ ಯೋಚಿಸಬೇಕು. ಗಾಳಿಗೆ ಬೇಕಾದ ತೂತಿಗೆಲ್ಲ ಜಾಲರಿ ಬೀಳಬೇಕು. ಗಾಳಿಗೆ ಬೇಡದ ತೂತೆಲ್ಲ ಮುಚ್ಚಬೇಕು. ಕೆಳಗಿರುವ ಹಂತಗಳು ಈ ಲೆಕ್ಕದಲ್ಲೇ ಇವೆ. ಮೊದಲು ಕಾವು, ಆಮೇಲೆ ಹುಳ.

ಹಂತ 1: ಕಾವು ಎಲ್ಲಿಂದ ಬರುತ್ತಿದೆ ಅಂತ ಒಂದು ದಿನ ನೋಡಿ

ಏನನ್ನೂ ಕೊಳ್ಳುವ ಮೊದಲು ಈ ಕೆಲಸ ಮಾಡಿ. ಎರಡು ಸಾದಾ ಥರ್ಮಾಮೀಟರ್ ಸಾಕು. ಒಂದನ್ನು ಗ್ಯಾರೇಜಿನ ಒಳಗೆ ಎದೆಯ ಎತ್ತರದಲ್ಲಿ ತೂಗುಹಾಕಿ. ಇನ್ನೊಂದನ್ನು ಹೊರಗೆ ನೆರಳಿನಲ್ಲಿ ಇಡಿ. ಬೆಳಿಗ್ಗೆ 8, ಮಧ್ಯಾಹ್ನ 12, 3, ಸಂಜೆ 6, ರಾತ್ರಿ 10 ಗಂಟೆಗೆ ಎರಡನ್ನೂ ಓದಿ ಬರೆದುಕೊಳ್ಳಿ.

ಮಧ್ಯಾಹ್ನಕ್ಕೆ ಒಳಗಿನ ಅಂಕಿ ಜಿಗಿದು, ಸೂರ್ಯ ಇಳಿದ ಕೂಡಲೇ ಬಿದ್ದುಹೋದರೆ ಅದು ತಗಡಿನ ಚಾವಣಿಯ ಕೆಲಸ. ಸಂಜೆ 6ರ ಹೊತ್ತಿಗೆ ಅತಿ ಜಾಸ್ತಿ ಇದ್ದರೆ ಪಶ್ಚಿಮಕ್ಕಿರುವ ಬಾಗಿಲು ಅಥವಾ ಗೋಡೆ. ರಾತ್ರಿ 10ಕ್ಕೂ ಹೊರಗಿಗಿಂತ ಒಳಗೇ ಬಿಸಿ ಇದ್ದರೆ ಕಾಂಕ್ರೀಟ್ ತಾರಸಿ ಅಥವಾ ಗೋಡೆ ಹಗಲೆಲ್ಲ ಹೀರಿದ ಕಾವನ್ನು ಈಗ ನಿಧಾನಕ್ಕೆ ಬಿಡುತ್ತಿದೆ ಅಂತ ಅರ್ಥ. ಗೋಡೆಗೆ ಅಂಗೈ ಇಟ್ಟು ನೋಡಿದರೂ ಗೊತ್ತಾಗುತ್ತದೆ. ಮುಟ್ಟದೆ ದೂರದಿಂದಲೇ ಮೈಕಾವು ಓದುವ ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದವರು ಒಂದು ಎಚ್ಚರ ಇಟ್ಟುಕೊಳ್ಳಿ: ಬಣ್ಣ ಬಳಿಯದ, ಹೊಳೆಯುವ ಲೋಹದ ಮೇಲೆ ಅದು ನಿಜಕ್ಕಿಂತ ಕಡಿಮೆ ತೋರಿಸುವುದು ಸಾಮಾನ್ಯ. ಅಲ್ಲಿ ಒಂದು ತುಂಡು ಕಪ್ಪು ಟೇಪ್ ಅಂಟಿಸಿ, ಟೇಪಿನ ಮೇಲೆ ಗುರಿ ಇಟ್ಟು ಓದಿ.

ಹಂತ 2: ಬಿಸಿಲನ್ನು ಹೊರಗೇ ತಡೆಯಿರಿ

ಒಳಗೆ ಬಂದ ಕಾವನ್ನು ಓಡಿಸುವುದಕ್ಕಿಂತ ಬರದ ಹಾಗೆ ನೋಡಿಕೊಳ್ಳುವುದು ಯಾವಾಗಲೂ ಸಲೀಸು. ದುಡ್ಡು ಹಾಕುವುದಿದ್ದರೆ ಮೊದಲು ಇಲ್ಲೇ ಹಾಕಿ. ಚಾವಣಿ ಮತ್ತು ಬಾಗಿಲು ಸರಿಮಾಡದೆ ಎಸಿ ತಂದಿಡುವುದು ತೂತು ಬಿದ್ದ ಬಿಂದಿಗೆಗೆ ನೀರು ತುಂಬಿದ ಹಾಗೆ.

ಚಾವಣಿಯಿಂದ ಶುರು ಮಾಡಿ. ಬಿಳಿ ಬಣ್ಣದ ಕೂಲ್ ರೂಫ್ ಪೇಂಟ್ ಹೊಸದಾಗಿದ್ದಾಗ ಬಿಸಿಲಿನ ನೂರಕ್ಕೆ ಸುಮಾರು 80 ಪಾಲನ್ನು ವಾಪಸ್ ಕಳಿಸುತ್ತದೆ. ಬಳಿಯುವ ಮೊದಲು ಪಾಚಿ, ದೂಳು ಉಜ್ಜಿ ತೊಳೆದು, ಬಿರುಕು ತುಂಬಿ, ಪೂರ್ತಿ ಒಣಗಿಸಿ. ಎರಡು ಕೋಟು ಬೇಕು. ಎರಡನೆಯದನ್ನು ಮೊದಲನೆಯದಕ್ಕೆ ಅಡ್ಡಲಾಗಿ ಎಳೆಯಿರಿ, ಬಿಟ್ಟುಹೋದ ಜಾಗ ಕಣ್ಣಿಗೆ ಬೀಳುತ್ತದೆ. ದೂಳು ಕೂತಷ್ಟೂ ಇದರ ಗುಣ ಇಳಿಯುತ್ತದೆ. ಪ್ರತಿ ಬೇಸಿಗೆಗೆ ಮುಂಚೆ ಒಮ್ಮೆ ತೊಳೆಯಲೇಬೇಕು.

ನಮ್ಮದು ಹೊಳೆಯುವ ತಗಡು, ಬಣ್ಣ ಯಾಕೆ ಅಂತ ಕೆಲವರು ಕೇಳುತ್ತಾರೆ. ಬರಿ ತಗಡು ಬಿಸಿಲನ್ನು ಸ್ವಲ್ಪ ವಾಪಸ್ ಕಳಿಸುತ್ತದೆ, ನಿಜ. ಆದರೆ ಹೀರಿಕೊಂಡ ಕಾವನ್ನು ಹೊರಗೆ ಬಿಡುವುದು ಅದಕ್ಕೆ ಸರಿಯಾಗಿ ಬರುವುದಿಲ್ಲ. ಅದಕ್ಕೇ ಕೈ ಇಟ್ಟರೆ ಚುರ್ ಅನ್ನುತ್ತದೆ. ಬಿಳಿ ಪೇಂಟು ವಾಪಸ್ಸೂ ಕಳಿಸುತ್ತದೆ, ಹೀರಿದ್ದನ್ನು ಬಿಡುತ್ತದೆ ಕೂಡ.

ಮೇಲೆ ಹತ್ತಲು ಆಗದಿದ್ದರೆ ಒಳಗಿನಿಂದ ಫಾಯಿಲ್ ಹೊದಿಕೆ ಹಾಕಬಹುದು. ಇಲ್ಲಿ ಬಹಳ ಜನ ಒಂದೇ ತಪ್ಪು ಮಾಡುತ್ತಾರೆ: ಫಾಯಿಲನ್ನು ತಗಡಿಗೆ ಒತ್ತಿ ಅಂಟಿಸಿಬಿಡುತ್ತಾರೆ. ಹೊಳೆಯುವ ಮೈ ಕೆಲಸ ಮಾಡಬೇಕಾದರೆ ಅದರ ಎದುರಿಗೆ ಖಾಲಿ ಜಾಗ ಇರಬೇಕು. ಮರದ ಪಟ್ಟಿ ಹೊಡೆದು, ಕನಿಷ್ಠ 2 ಸೆಂ.ಮೀ. ಸಂದು ಬಿಟ್ಟು ಫಾಯಿಲ್ ಎಳೆಯಿರಿ. ಹೊಳೆಯುವ ಮೈ ಕೆಳಮುಖವಾಗಿದ್ದರೆ ದೂಳು ಕೂರುವುದಿಲ್ಲ, ವರ್ಷಗಟ್ಟಲೆ ಹಾಗೇ ಇರುತ್ತದೆ. ಥರ್ಮೋಕೋಲ್ ಹಾಕುವುದಾದರೆ ಅದನ್ನು ಬರಿದಾಗಿ ಬಿಡಬೇಡಿ. ಪೆಟ್ರೋಲ್ ಇರುವ ಜಾಗ, ಬೆಂಕಿ ತಗುಲಿದರೆ ಅದು ಕರಗಿ ಉರಿಯುತ್ತದೆ. ಜಿಪ್ಸಮ್ ಬೋರ್ಡಿನಿಂದ ಮುಚ್ಚಿ.

ಇನ್ನು ಬಾಗಿಲು. ಸುರುಳಿ ಸುತ್ತುವ ಶಟರ್ ಆದರೆ ಪಟ್ಟಿಗಳಿಗೆ ಏನನ್ನೂ ಅಂಟಿಸುವಂತಿಲ್ಲ, ಸುತ್ತುವಾಗ ಸಿಕ್ಕಿಹಾಕಿಕೊಳ್ಳುತ್ತದೆ. ಹೊರಮೈಗೆ ತಿಳಿ ಬಣ್ಣ ಬಳಿಯಿರಿ. ಮೇಲೊಂದು ಸಜ್ಜಾ ಅಥವಾ ಹಸಿರು ಶೇಡ್ ನೆಟ್ ಇಳಿಬಿಡಿ. ಪಶ್ಚಿಮದ ಬಾಗಿಲಿಗೆ ಸಜ್ಜಾ ಸಾಲದು, ಸಂಜೆ ಬಿಸಿಲು ಓರೆಯಾಗಿ ಕೆಳಗಿನಿಂದ ನುಗ್ಗುತ್ತದೆ. ಅಲ್ಲಿ ಇಳಿಬಿಡುವ ನೆಟ್ಟೇ ಸರಿ. ಅಡ್ಡಪಟ್ಟಿಗಳಾಗಿ ಮೇಲಕ್ಕೆ ಸರಿಯುವ ಬಾಗಿಲಾದರೆ ಪಟ್ಟಿಗಳ ಒಳಮೈಗೆ ಫೋಮ್ ತುಂಡು ಕೂರಿಸಬಹುದು. ಆದರೆ ಬಾಗಿಲಿನ ತೂಕ ಏರುತ್ತದೆ. ಮುಗಿದ ಮೇಲೆ ಮೋಟಾರಿನ ಕೊಂಡಿ ಬಿಡಿಸಿ, ಬಾಗಿಲನ್ನು ಕೈಯಲ್ಲಿ ಅರ್ಧಕ್ಕೆ ಎತ್ತಿ ಮೆಲ್ಲಗೆ ಕೈ ಸಡಿಲಿಸಿ. ಅಲ್ಲೇ ನಿಂತರೆ ಸರಿ. ಕೆಳಗೆ ಜಾರಿದರೆ ಸ್ಪ್ರಿಂಗ್ ಹೊಂದಿಸಬೇಕು. ಅದನ್ನು ಮಾತ್ರ ಬಾಗಿಲಿನ ಮೆಕ್ಯಾನಿಕ್‌ಗೇ ಬಿಡಿ, ಬಿಗಿದ ಸ್ಪ್ರಿಂಗ್ ಬಿಚ್ಚಿಕೊಂಡರೆ ಕೈ ಮುರಿಯುವಷ್ಟು ಜೋರಿರುತ್ತದೆ.

ಹಂತ 3: ಬಿಸಿಗಾಳಿಗೆ ಮೇಲೆ ದಾರಿ, ತಣ್ಣನೆಯ ಗಾಳಿಗೆ ಕೆಳಗೆ ದಾರಿ

ಬಿಸಿಗಾಳಿ ಮೇಲೇರುತ್ತದೆ. ಚಾವಣಿಯ ಹತ್ತಿರ ಒಂದು ತೂತು ಇದ್ದರೆ ಸಾಲದು, ಎದುರು ಗೋಡೆಯ ಬುಡದಲ್ಲಿ ಇನ್ನೊಂದು ಬೇಕು. ಕೆಳಗಿನಿಂದ ಗಾಳಿ ಬರಲು ದಾರಿಯಿಲ್ಲದಿದ್ದರೆ ಎಷ್ಟು ದೊಡ್ಡ ಎಕ್ಸಾಸ್ಟ್ ಫ್ಯಾನ್ ಹಾಕಿದರೂ ಅದು ಸುಮ್ನೆ ಸದ್ದು ಮಾಡುತ್ತದೆ ಅಷ್ಟೇ. ಗಾಳಿ ಒಳಬರುವ ಕಿಂಡಿಗಳ ಒಟ್ಟು ಅಳತೆ ಫ್ಯಾನಿನ ತೂತಿಗಿಂತ ಎರಡು ಮೂರು ಪಟ್ಟು ಇರಲಿ. ಗಾಳಿ ಬರುವ ಬದಿ ನೆರಳಿನ ಬದಿಯಾದರೆ ಇನ್ನೂ ಒಳ್ಳೆಯದು.

ಫ್ಯಾನಿನ ಅಳತೆಗೆ ಒಂದು ಸರಳ ಲೆಕ್ಕ. ಗ್ಯಾರೇಜು 6 ಮೀಟರ್ ಉದ್ದ, 3 ಮೀಟರ್ ಅಗಲ, 3 ಮೀಟರ್ ಎತ್ತರ ಅಂದುಕೊಳ್ಳಿ. ಒಳಗಿರುವ ಗಾಳಿ 54 ಘನ ಮೀಟರ್. ಗಂಟೆಗೆ 15 ಸಲ ಗಾಳಿ ಬದಲಾಗಲಿ ಅಂದರೆ 54 × 15 = 810 ಘನ ಮೀಟರ್. ಡಬ್ಬದ ಮೇಲೆ ಸಿಎಫ್‌ಎಂ (ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ) ಅಂತ ಬರೆದಿದ್ದರೆ 1 ಸಿಎಫ್‌ಎಂ ಅಂದರೆ ಗಂಟೆಗೆ ಸುಮಾರು 1.7 ಘನ ಮೀಟರ್. ಅಲ್ಲಿಗೆ 480 ಸಿಎಫ್‌ಎಂ ಹತ್ತಿರ ಆಯಿತು. ಜಾಲರಿ, ಮಡಚುವ ಪಟ್ಟಿ ಎಲ್ಲ ಗಾಳಿಯನ್ನು ತಡೆಯುವುದರಿಂದ ಲೆಕ್ಕಕ್ಕಿಂತ ಕಾಲುಭಾಗ ಜಾಸ್ತಿ ಇರುವ ಫ್ಯಾನ್ ತನ್ನಿ.

ಜಾಲರಿಯ ಮಾತು ಇಲ್ಲೇ ಮುಗಿಸಿಬಿಡುತ್ತೇನೆ. ಸೊಳ್ಳೆ ತಡೆಯುವ ಜಾಲರಿಯ ಕಣ್ಣು ಒಂದು ಮಿಲಿಮೀಟರ್‌ಗಿಂತ ಸ್ವಲ್ಪ ಹೆಚ್ಚು ಇರುತ್ತದೆ. ಅಂಗಡಿಯಲ್ಲಿ 18×16 (ಇಂಚಿಗೆ ಒಂದು ದಿಕ್ಕಿನಲ್ಲಿ 18, ಇನ್ನೊಂದರಲ್ಲಿ 16 ಎಳೆ) ಅಂತ ಕೇಳಿದರೆ ಕೊಡುತ್ತಾರೆ. ಫೈಬರ್ ಜಾಲರಿ ಅಗ್ಗ, ಆದರೆ ಇಲಿ ಕಚ್ಚಿ ಹರಿಯುತ್ತದೆ. ನೆಲದ ಹತ್ತಿರದ ಕಿಂಡಿಗೆ ಸ್ಟೇನ್‌ಲೆಸ್ ಸ್ಟೀಲಿನದ್ದೇ ಹಾಕಿ. ಯಾವ ಜಾಲರಿಯಾದರೂ ಗಾಳಿಯ ಮೂರನೇ ಒಂದು ಭಾಗವನ್ನಾದರೂ ತಿಂದುಹಾಕುತ್ತದೆ. ಅದಕ್ಕೆ ಕಿಂಡಿಯನ್ನು ಒಂದೂವರೆ ಪಟ್ಟು ದೊಡ್ಡದಾಗಿಯೇ ಮಾಡಿಸಿ. ಚೌಕಟ್ಟಿಗೆ ಸ್ಕ್ರೂ ಹಾಕಿ, ಮೊಳೆ ಬೇಡ. ತಿಂಗಳಿಗೊಮ್ಮೆ ಬಿಚ್ಚಿ ಬ್ರಶ್ ಹೊಡೆಯಬೇಕಾಗುತ್ತದೆ.

ಯಾವಾಗ ತೆರೆಯಬೇಕು? ಇದನ್ನು ಆ ಎರಡು ಥರ್ಮಾಮೀಟರ್ ಹೇಳುತ್ತವೆ. ಹೊರಗಿನ ಅಂಕಿ ಒಳಗಿನದಕ್ಕಿಂತ ಕಡಿಮೆಯಾದ ಕೂಡಲೇ ಫ್ಯಾನ್ ಹಾಕಿ, ಬೆಳಗಿನವರೆಗೆ ಓಡಲಿ. ಗೋಡೆ, ನೆಲ ಎರಡೂ ತಣಿಯುತ್ತವೆ. ಹೊರಗೆ ಬಿಸಿ ಏರತೊಡಗಿದ ಮೇಲೆ ಮುಚ್ಚಿಬಿಡಿ. ಮಟಮಟ ಮಧ್ಯಾಹ್ನ ಎಲ್ಲ ತೆರೆದಿಟ್ಟರೆ ತಂಪಾಗುವುದಿಲ್ಲ, ಹೊರಗಿನ ಬೇಗೆಯನ್ನೇ ಒಳಗೆ ಕರೆದ ಹಾಗೆ. ತಗಡಿನ ಚಾವಣಿಯ ಗ್ಯಾರೇಜಿನಲ್ಲಿ ಮಾತ್ರ ಮಧ್ಯಾಹ್ನವೂ ಒಳಗೇ ಹೆಚ್ಚು ಬಿಸಿ ಇರುವುದುಂಟು. ಆಗ ಹಗಲೂ ಫ್ಯಾನ್ ಓಡಿಸಿ.

ಟೇಬಲ್ ಫ್ಯಾನ್ ಕೋಣೆಯನ್ನು ತಣಿಸುವುದಿಲ್ಲ, ಎದುರು ಕೂತವರ ಬೆವರನ್ನು ಒಣಗಿಸುತ್ತದೆ. ಕೆಲಸ ಮಾಡುವಾಗ ಹಾಕಿಕೊಳ್ಳಿ, ಎದ್ದು ಹೋಗುವಾಗ ಆರಿಸಿ. ನೀರು ಹಾಕುವ ಕೂಲರ್ ಒಣ ಹವೆಯಲ್ಲಿ ಚೆನ್ನಾಗಿ ನಡೆಯುತ್ತದೆ. ಆದರೆ ಒಂದು ಕಿಟಕಿ ತೆರೆದಿರಲೇಬೇಕು, ಇಲ್ಲದಿದ್ದರೆ ಗಾಳಿ ತೇವವಾಗಿ ಸ್ಪ್ಯಾನರ್, ಗರಗಸಗಳಿಗೆ ತುಕ್ಕು ಹಿಡಿಯುತ್ತದೆ. ತೇವದ ಹವೆ ಇರುವ ಕಡೆ ಅದನ್ನು ತರಲೇಬೇಡಿ.

ಹಂತ 4: ಒಳಗೇ ಹುಟ್ಟುವ ಕಾವು

ಓಡಿ ಬಂದ ಕಾರಿನ ಎಂಜಿನ್ ಒಂದು ದೊಡ್ಡ ಕಾದ ಕಬ್ಬಿಣದ ಮುದ್ದೆ. ಅರ್ಧ ಗಂಟೆ ಹೊರಗೆ ನೆರಳಿನಲ್ಲಿ ನಿಲ್ಲಿಸಿ ಆಮೇಲೆ ಒಳಗೆ ತನ್ನಿ. ಗ್ಯಾರೇಜಿನಲ್ಲಿ ಹಳೇ ಫ್ರಿಜ್ ಇಟ್ಟಿದ್ದರೆ ಅದು ತನ್ನ ಹೊಟ್ಟೆಯ ಕಾವನ್ನೆಲ್ಲ ನಿಮ್ಮ ಗ್ಯಾರೇಜಿಗೇ ಸುರಿಯುತ್ತಿದೆ. ಖಾಲಿ ಇದ್ದರೆ ಪ್ಲಗ್ ಕಿತ್ತುಬಿಡಿ.

ಎಂಜಿನ್ನನ್ನು ಮುಚ್ಚಿದ ಗ್ಯಾರೇಜಿನಲ್ಲಿ ಓಡಿಸಬೇಡಿ, ಕಾರಿನ ಎಸಿಯಲ್ಲಿ ಎರಡು ನಿಮಿಷ ಕೂರಲೂ ಬೇಡ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದಲ್ಲೇ ಹರಿದಾಡುತ್ತದೆ. ಕಿಡಿ ಹಾರುವ ಯಾವುದನ್ನೂ ನೆಲದ ಮೇಲೆ ಇಡಬೇಡಿ. ಸ್ಪ್ರೇ ಡಬ್ಬಗಳ ಮೇಲೆ 50 ಡಿಗ್ರಿ ದಾಟಬಾರದು ಅಂತ ಬರೆದಿರುತ್ತಾರೆ. ತಗಡಿನ ಚಾವಣಿಗೆ ಹತ್ತಿರವಿರುವ ಮೇಲಿನ ಕಪಾಟು ಆ ಗಡಿಯನ್ನು ಸುಲಭವಾಗಿ ಮುಟ್ಟಬಹುದು. ಅವನ್ನು, ಥಿನ್ನರ್ ಡಬ್ಬವನ್ನು ತಂಪಾದ ಗೋಡೆಯ ಬದಿಗೆ, ಮಕ್ಕಳ ಕೈಗೆ ಸಿಗದ ಹಾಗೆ ಇಡಿ.

ಹಂತ 5: ದೀಪ ಆರಿಸಿ ಒಳಗೆ ಕೂತು ನೋಡಿ

ಈಗ ಹುಳದ ಕಡೆ ಬರೋಣ. ಇಡೀ ಕೆಲಸದಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದೇ. ನಡು ಹಗಲಲ್ಲಿ ಗ್ಯಾರೇಜಿನೊಳಗೆ ಹೋಗಿ ಶಟರ್ ಪೂರ್ತಿ ಇಳಿಸಿ, ದೀಪ ಆರಿಸಿ, ಐದು ನಿಮಿಷ ಸುಮ್ನೆ ಕೂತುಕೊಳ್ಳಿ. ಮೊದಲು ಏನೂ ಕಾಣುವುದಿಲ್ಲ. ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ಒಂದೊಂದಾಗಿ ಬೆಳಕಿನ ಗೆರೆಗಳು ಕಾಣತೊಡಗುತ್ತವೆ. ನಾನು ಕೂತಾಗ ಶಟರಿನ ಎಡ ಮೂಲೆಯಲ್ಲಿ ಹೆಬ್ಬೆರಳಿನಷ್ಟು ಒಂದು ಬಿಳಿ ಮುಕ್ಕೋನ ಹೊಳೆಯುತ್ತಿತ್ತು. ಹೊರಗಿನಿಂದ ನೂರು ಸಲ ನೋಡಿದ್ದ ಮೂಲೆ ಅದು, ಅಲ್ಲಿ ಸಂದು ಇದೆ ಅಂತ ಯಾವತ್ತೂ ಅನ್ನಿಸಿರಲಿಲ್ಲ. ನೋಡುತ್ತಿದ್ದ ಹಾಗೆಯೇ ಆ ಬೆಳಕಿಗೆ ಅಡ್ಡಲಾಗಿ ಇರುವೆಯ ಸಾಲೊಂದು ಒಳಗೆ ಬರುತ್ತಿತ್ತು. ಒಂದು ಚಾಕ್‌ಪೀಸ್ ಹಿಡಿದುಕೊಂಡೇ ಕೂರಿ. ಬೆಳಕು ಕಂಡಲ್ಲೆಲ್ಲ ಗುರುತು ಹಾಕಿ.

ಪೆನ್ಸಿಲ್ ತೂರುವ ಸಂದು ಸಿಕ್ಕರೆ ಸುಂಡಿಲಿ ಬರುತ್ತದೆ, ಅಂದರೆ ಬರೀ 6 ಮಿ.ಮೀ. ಜಿರಲೆ ಮರಿಗೆ ಅದಕ್ಕಿಂತ ತುಂಬಾ ಕಡಿಮೆ ಸಾಕು. ಬಾಗಿಲಿನ ಬುಡಕ್ಕೆ ರಬ್ಬರ್ ಪಟ್ಟಿ ಹಾಕಿ. ನೆಲ ಏರುಪೇರಾಗಿದ್ದರೆ ಬರಿ ಪಟ್ಟಿ ಕೂರುವುದಿಲ್ಲ. ನೆಲಕ್ಕೇ ಅಂಟಿಸುವ ರಬ್ಬರ್ ಹೊಸ್ತಿಲು ಸಿಗುತ್ತದೆ, ಅದನ್ನು ತನ್ನಿ. ಶಟರಿನ ಎರಡೂ ಬದಿಗೆ ಮತ್ತು ಮೇಲಿನ ಸುರುಳಿಯ ಹತ್ತಿರ ಬ್ರಶ್ ಪಟ್ಟಿ ಬೇಕು. ಮೇಲಿನದನ್ನು ಎಲ್ಲರೂ ಮರೆಯುತ್ತಾರೆ, ಸೊಳ್ಳೆ ಮಾತ್ರ ಮರೆಯುವುದಿಲ್ಲ. ಗೋಡೆಯೊಳಗೆ ಪೈಪು, ವೈರು ಹೊಕ್ಕ ಜಾಗಕ್ಕೆ ಮೊದಲು ಸ್ಟೀಲ್ ವೂಲ್ ತುರುಕಿ, ಅದರ ಮೇಲೆ ಸಿಲಿಕೋನ್ ಹಚ್ಚಿ. ಬರಿ ಫೋಮ್ ತುಂಬಿದರೆ ಇಲಿ ಒಂದೇ ರಾತ್ರಿಗೆ ಕೊರೆದುಹಾಕುತ್ತದೆ. ಗ್ಯಾರೇಜಿನಿಂದ ಮನೆಯೊಳಗೆ ಹೋಗುವ ಬಾಗಿಲಿನ ಸಂದನ್ನೂ ಇದೇ ಹೊತ್ತಲ್ಲಿ ಮುಚ್ಚಿ. ಹುಳವಷ್ಟೇ ಅಲ್ಲ, ಪೆಟ್ರೋಲ್ ವಾಸನೆಯೂ ಮನೆಗೆ ಬರುವುದು ನಿಲ್ಲುತ್ತದೆ.

ಹಂತ 6: ನೀರು ಎಲ್ಲಿ ನಿಂತಿದೆ, ಎಲ್ಲಿ ಒಣಗಿದೆ

ನಿಂತ ನೀರು ಸೊಳ್ಳೆಗೆ ಹೆರಿಗೆ ಮನೆ ಅಂತ ಎಲ್ಲರಿಗೂ ಗೊತ್ತು. ಸೆಕೆ ಇದ್ದಾಗ ಮೊಟ್ಟೆ ದೊಡ್ಡ ಸೊಳ್ಳೆಯಾಗಲು 7ರಿಂದ 10 ದಿನ ಸಾಕು. ಅದಕ್ಕೆ ವಾರಕ್ಕೊಂದು ದಿನ ಗೊತ್ತು ಮಾಡಿಕೊಂಡು ಹಳೇ ಟೈರು, ಬಕೆಟ್, ಕೂಲರಿನ ಟ್ಯಾಂಕು, ಎಸಿಯ ನೀರು ಬೀಳುವ ತಟ್ಟೆ ಎಲ್ಲ ಬಗ್ಗಿಸಿ ಉಜ್ಜಿ. ಬರೀ ನೀರು ಚೆಲ್ಲಿದರೆ ಸಾಲದು. ಡೆಂಗಿ ಹರಡುವ ಸೊಳ್ಳೆಯ ಮೊಟ್ಟೆ ಪಾತ್ರೆಯ ಒಳಮೈಗೆ ಅಂಟಿಕೊಂಡು ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತದೆ. ಮತ್ತೆ ನೀರು ಬಿದ್ದಾಗ ಮರಿ.

ಆದರೆ ಒಣಗಬಾರದ ಒಂದು ಜಾಗವೂ ಇದೆ. ನೆಲದ ಚರಂಡಿ ಕಿಂಡಿ. ಅದರ ಕೆಳಗೆ ಬಾಗಿದ ಪೈಪಿನಲ್ಲಿ ಸದಾ ಸ್ವಲ್ಪ ನೀರು ನಿಂತಿರಬೇಕು. ಆ ನೀರೇ ಒಳಚರಂಡಿಗೂ ನಿಮ್ಮ ಗ್ಯಾರೇಜಿಗೂ ನಡುವಿನ ಬಾಗಿಲು. ಬೇಸಿಗೆಯಲ್ಲಿ ಬಳಸದೆ ಬಿಟ್ಟರೆ ಅದು ಆರಿಹೋಗುತ್ತದೆ. ಎಷ್ಟೇ ಬಳಿದು ಮುಚ್ಚಿದರೂ ದೊಡ್ಡ ಕಂದು ಜಿರಲೆ ಎಲ್ಲಿಂದ ಬರುತ್ತಿದೆ ಅಂತ ನಾನು ಎರಡು ವಾರ ತಲೆ ಕೆಡಿಸಿಕೊಂಡಿದ್ದೆ. ಒಂದು ರಾತ್ರಿ 11ಕ್ಕೆ ಟಾರ್ಚ್ ಹಿಡಿದು ಹೋದರೆ, ಕಿಂಡಿಯ ಸರಳುಗಳ ನಡುವಿನಿಂದ ಎರಡು ಮೀಸೆ ಅಲ್ಲಾಡುತ್ತಿದ್ದವು. ಉಪಾಯ ಸುಲಭ: ಎರಡು ಚೊಂಬು ನೀರು ಸುರಿದು, ಮೇಲೆ ಒಂದೆರಡು ಚಮಚ ಅಡುಗೆ ಎಣ್ಣೆ ಬಿಡಿ. ಎಣ್ಣೆಯ ಪದರ ನೀರು ಬೇಗ ಆರದ ಹಾಗೆ ತಡೆಯುತ್ತದೆ. ಕಿಂಡಿಗೂ ಒಂದು ತುಂಡು ಸ್ಟೀಲ್ ಜಾಲರಿ ಹಾಕಿ.

ಹಂತ 7: ರಟ್ಟಿನ ಡಬ್ಬ ಹೊರಗೆ

ರಟ್ಟಿನ ಡಬ್ಬದ ಪದರದ ನಡುವಿನ ಸುರುಳಿ ಸಂದುಗಳು ಜಿರಲೆಗೆ ಹೇಳಿ ಮಾಡಿಸಿದ ಜಾಗ. ಕತ್ತಲು, ಇಕ್ಕಟ್ಟು, ಮೇಲಾಗಿ ತಿನ್ನಲು ಅಂಟು. ಮನೆಗಳಲ್ಲಿ ಕಾಣುವ ಸಣ್ಣ ಜರ್ಮನ್ ಜಿರಲೆಯ ಒಂದು ಮೊಟ್ಟೆ ಚೀಲದಲ್ಲಿ 30ರಿಂದ 40 ಮೊಟ್ಟೆ ಇರುತ್ತವೆ, ಒಂದು ಡಬ್ಬದ ಜೊತೆ ಒಂದು ಸಂಸಾರವೇ ಬರುತ್ತದೆ. ಸಾಮಾನನ್ನು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಕ್ಕೆ ಹಾಕಿ. ಕಪಾಟಿನ ಕೆಳಗಿನ ಹಲಗೆ ನೆಲದಿಂದ 15 ಸೆಂ.ಮೀ. ಮೇಲಿರಲಿ, ಹಿಂದೆ ಪೊರಕೆ ತೂರುವಷ್ಟು ಜಾಗ ಇರಲಿ. ನಾಯಿ ಬೆಕ್ಕಿನ ಆಹಾರ, ಹಕ್ಕಿ ಕಾಳು ಚೀಲದಲ್ಲಿ ಇಡಬೇಡಿ. ಸೌದೆ ಇದ್ದರೆ ಗೋಡೆಯಿಂದ ದೂರ ಒಟ್ಟಿ. ಗೋಡೆಯ ಬುಡದಲ್ಲಿ ಪೆನ್ಸಿಲ್ ದಪ್ಪದ ಮಣ್ಣಿನ ಕೊಳವೆ ಕಂಡರೆ ಅದು ಗೆದ್ದಲು. ಒಡೆದು ನೋಡಿ. ಒಳಗೆ ಬಿಳಿ ಹುಳ ಓಡಾಡಿದರೆ ಗೆದ್ದಲು ತಜ್ಞರನ್ನೇ ಕರೆಸಿ, ಇದು ಮನೆಮದ್ದಿಗೆ ಬಗ್ಗುವುದಿಲ್ಲ.

ಹಂತ 8: ದೀಪ

ಹುಳಗಳಿಗೆ ನೀಲಿ ಮತ್ತು ಅಲ್ಟ್ರಾವಯೊಲೆಟ್ ಬೆಳಕು ಚೆನ್ನಾಗಿ ಕಾಣುತ್ತದೆ, ಹಳದಿ ಕಡಿಮೆ. ಬಾಗಿಲಿನ ನೆತ್ತಿಯ ಮೇಲಿರುವ ಬಿಳಿ ದೀಪ ತೆಗೆದು 2700 ಕೆಲ್ವಿನ್ ಅಥವಾ ಅದಕ್ಕಿಂತ ಕಡಿಮೆಯ ಹಳದಿ ಎಲ್‌ಇಡಿ ಹಾಕಿ. ಸಾಧ್ಯವಾದರೆ ಬಾಗಿಲಿನಿಂದ ಎರಡು ಮೂರು ಮೀಟರ್ ಆಚೆ ನಿಲ್ಲಿಸಿ ಇತ್ತ ತಿರುಗಿಸಿ. ಜನ ಬಂದಾಗ ಮಾತ್ರ ಹೊತ್ತಿಕೊಳ್ಳುವ ಸೆನ್ಸರ್ ಇದ್ದರೆ ಇನ್ನೂ ವಾಸಿ. ಚಟಪಟ ಅನ್ನುವ ನೀಲಿ ದೀಪದ ಯಂತ್ರಕ್ಕೆ ದುಡ್ಡು ಹಾಕಬೇಡಿ. ಅದರಲ್ಲಿ ಸಾಯುವುದು ಹೆಚ್ಚಾಗಿ ಪಾಪದ ಪತಂಗಗಳು, ಸೊಳ್ಳೆ ತೀರಾ ಕಡಿಮೆ. ಸೊಳ್ಳೆ ನಮ್ಮನ್ನು ಹುಡುಕುವುದು ಉಸಿರು, ಮೈವಾಸನೆ, ಮೈಕಾವಿನ ಜಾಡು ಹಿಡಿದು.

ಹಂತ 9: ಮದ್ದು ಕೊನೆಗೆ, ಅದೂ ಚೂರು

ಇಷ್ಟಾದ ಮೇಲೂ ಉಳಿದವಕ್ಕೆ ಮಾತ್ರ ಮದ್ದು. ಜಿರಲೆಗೆ ಜೆಲ್, ಅಂದರೆ ಟ್ಯೂಬಿನಲ್ಲಿ ಬರುವ ವಿಷ ಬೆರೆಸಿದ ತಿನಿಸು, ಚೆನ್ನಾಗಿ ಕೆಲಸ ಮಾಡುತ್ತದೆ. ಅಕ್ಕಿ ಕಾಳಿನಷ್ಟು ಚುಕ್ಕಿಗಳನ್ನು ಮೂಲೆ, ಕೀಲು, ಫ್ರಿಜ್ಜಿನ ಹಿಂದೆ ಇಡಿ. ಒಂದೇ ಕಡೆ ದೊಡ್ಡ ಮುದ್ದೆಗಿಂತ ಹತ್ತು ಕಡೆ ಚಿಕ್ಕ ಚುಕ್ಕಿ ಒಳ್ಳೆಯದು. ಜೆಲ್ ಇಟ್ಟ ಜಾಗದಲ್ಲಿ ಸ್ಪ್ರೇ ಹೊಡೆಯಬೇಡಿ. ನಾನು ಅವಸರಕ್ಕೆ ಎರಡನ್ನೂ ಮಾಡಿದ್ದೆ, ಸ್ಪ್ರೇ ವಾಸನೆಗೆ ಜಿರಲೆಗಳು ಜೆಲ್ ಹತ್ತಿರವೇ ಸುಳಿಯಲಿಲ್ಲ. ಇಡೀ ಟ್ಯೂಬು ದಂಡ. ಬೋರಿಕ್ ಪುಡಿಯಾದರೆ ಕಣ್ಣಿಗೆ ಕಂಡೂ ಕಾಣದಷ್ಟು ತೆಳ್ಳಗೆ ಉದುರಿಸಿ. ಗುಡ್ಡೆ ಹಾಕಿದರೆ ಜಿರಲೆ ಸುತ್ತಿ ಹೋಗುತ್ತದೆ. ಮಕ್ಕಳು, ಸಾಕುಪ್ರಾಣಿ ಓಡಾಡುವ ಕಡೆ ಇದು ಬೇಡ.

ಇರುವೆಗೆ ಸಿಹಿಯ ಜೊತೆ ಬೋರಾಕ್ಸ್ ಕಲಸುವಾಗ ಕೈ ಹಿಡಿತವಿರಲಿ, ನೂರು ಪಾಲಿಗೆ ಒಂದು ಪಾಲು ಸಾಕು. ಜಾಸ್ತಿಯಾದರೆ ಇರುವೆ ದಾರಿಯಲ್ಲೇ ಸಾಯುತ್ತದೆ, ಗೂಡಿನೊಳಗಿನ ರಾಣಿಗೆ ತಲುಪುವುದಿಲ್ಲ. ಇದನ್ನೂ ಮಕ್ಕಳಿಗೆ, ಸಾಕುಪ್ರಾಣಿಗೆ ಎಟುಕದ ಹಾಗೆ ಇಡಿ. ಮೊದಲೆರಡು ದಿನ ಇರುವೆ ಮುತ್ತಿಕೊಂಡರೆ ಗಾಬರಿಯಾಗಿ ಒರೆಸಬೇಡಿ. ಅವು ಹೊತ್ತು ಹೋಗಲಿ ಅಂತಲೇ ಇಟ್ಟಿದ್ದು. ಹೊಗೆ ಬಾಂಬಿನಂಥ ಫಾಗರ್ ಗ್ಯಾರೇಜಿಗೆ ತರಲೇಬೇಡಿ. ಒಳಗಿರುವ ಅನಿಲಕ್ಕೆ ಬೆಂಕಿ ಹತ್ತುತ್ತದೆ, ಸಂದಿನಲ್ಲಿ ಕೂತ ಜಿರಲೆಯನ್ನು ಮುಟ್ಟುವುದೂ ಇಲ್ಲ.

ಹಂತ 10: ಅಂಟು ಹಲಗೆಗೆ ತಾರೀಖು ಬರೆಯಿರಿ

ನಾಲ್ಕು ಅಂಟು ಹಲಗೆ ತಂದು ನಾಲ್ಕು ಗೋಡೆಯ ಬುಡಕ್ಕೆ ಒತ್ತಿ ಇಡಿ. ಹುಳಗಳು ಬಯಲಲ್ಲಿ ನಡೆಯುವುದು ಕಡಿಮೆ, ಗೋಡೆಗೆ ಮೈ ತಾಗಿಸಿಕೊಂಡೇ ಹೋಗುತ್ತವೆ. ಇವು ಹುಳ ಕೊಲ್ಲುವುದಕ್ಕಲ್ಲ, ಲೆಕ್ಕ ಇಡುವುದಕ್ಕೆ. ಇಟ್ಟ ತಾರೀಖನ್ನು ಹಿಂದೆ ಬರೆದು, ವಾರಕ್ಕೊಮ್ಮೆ ಎಣಿಸಿ. ಬಾಗಿಲಿನ ಬದಿಯ ಹಲಗೆಯಲ್ಲಿ ಜಾಸ್ತಿ ಬಿದ್ದರೆ ರಬ್ಬರ್ ಪಟ್ಟಿ ಸರಿದಿದೆ. ಚರಂಡಿ ಬದಿಯಲ್ಲಿ ಬಿದ್ದರೆ ನೀರು ಒಣಗಿದೆ. ಕಪಾಟಿನ ಹಿಂದೆ ಬರೀ ಮರಿಗಳೇ ಬಿದ್ದರೆ ಗೂಡು ಅಲ್ಲೇ ಎಲ್ಲೋ ಇದೆ, ಕಪಾಟು ಎಳೆದು ನೋಡಿ. ಜೇಡರ ಬಲೆಯೂ ಒಂದು ಸುಳಿವೇ. ತಿನ್ನಲು ಹುಳ ಸಿಗದ ಕಡೆ ಜೇಡ ಬಹಳ ದಿನ ನಿಲ್ಲುವುದಿಲ್ಲ. ಬಲೆ ಗುಡಿಸುವ ಮೊದಲು ಅದರಲ್ಲಿ ಯಾವ ಹುಳ ಸಿಕ್ಕಿದೆ ಅಂತ ಒಮ್ಮೆ ನೋಡಿ, ಸೊಳ್ಳೆಗಳೇ ತುಂಬಿದ್ದರೆ ಎಲ್ಲೋ ಒಂದು ಜಾಲರಿ ಹರಿದಿದೆ.